ಇಪ್ಪತ್ತಕ್ಕೆ ಸೊನ್ನೆ

ನನ್ನ ಅಕ್ಕನ ಗಂಡ ವಿಶ್ವನಾಥಪ್ಪನವರು ಮೂವತ್ತಮೂರು ವರ್ಷ ಒಂದೇ ಕೆಲಸ ಮಾಡಿದರು, ಉಕ್ಕಿನ ಬಳೆಗಳನ್ನು ನೋಡುವುದು. ಬಳೆ ಎಂದರೆ ಕೈಗೆ ಹಾಕುವ ಬಳೆಯಲ್ಲ, ಬೇರಿಂಗಿನ ಹೊರಗಿನ ರಿಂಗು. ಛತ್ರಪತಿ ಸಂಭಾಜಿನಗರದ ಹೊರಗೆ, ವಾಳೂಜಿನಲ್ಲಿ, ಅಂಥ ರಿಂಗು ಮಾಡುವ ಒಂದು ಕಾರ್ಖಾನೆಯಿದೆ. ಅಲ್ಲಿಯ ತಪಾಸಣೆ ಕೋಣೆಯಲ್ಲಿ ಎಣ್ಣೆ ಸವರಿದ ರಿಂಗುಗಳ ಟ್ರೇ ಒಂದಾದ ಮೇಲೊಂದು ಬರುತ್ತದೆ. ಗೀರು, ಚುಕ್ಕೆ, ತುಕ್ಕು ಇದ್ದದ್ದನ್ನು ಆರಿಸಿ ತೆಗೆಯಬೇಕು. ಭಾಲ್ಕಿಯ ಹತ್ತಿರದ ನಮ್ಮೂರಿಗೆ ಹಬ್ಬಕ್ಕೆ ಬಂದಾಗ ಜನ ಅವರನ್ನು ಬಳೆಗಾರ ಎಂದು ಕಾಡಿಸುತ್ತಿದ್ದರು. ಅವರು ನಕ್ಕು ಸುಮ್ಮನಾಗುತ್ತಿದ್ದರು. ಮೊದಲಿಂದಲೂ ಮಾತು ಕಮ್ಮಿ.

ನಮ್ಮ ಕಡೆ ಅಕ್ಕನ ಗಂಡನಿಗೆ ಮಾಮಾ ಎನ್ನುತ್ತೇವೆ. ನಾನು ಅಂಬರೀಶ, ನಾಶಿಕದ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಬೀದರದಿಂದ ವರ್ಗವಾಗಿ ಬಂದು ಒಂಬತ್ತು ವರ್ಷವಾಯಿತು. ಫಾರ್ಮು, ಸಹಿ, ವರದಿ ಇವುಗಳಲ್ಲೇ ನನ್ನ ಆಯುಷ್ಯ ಕಳೆದಿದೆ. ಹಾಗಾಗಿ ಕಾಗದದ ಮೇಲೆ ಬರೆದದ್ದನ್ನು ನಾನು ಬೇಗ ನಂಬುತ್ತೇನೆ. ಈ ಗುಣ ನನಗೆ ಒಳ್ಳೆಯ ಹೆಸರು ತಂದಿದೆ, ಮಾಮಾನ ವಿಷಯದಲ್ಲಿ ಮಾತ್ರ ಮುಖ ತಗ್ಗಿಸುವಂತೆ ಮಾಡಿತು.

ಆ ತಪಾಸಣೆ ಕೋಣೆಯಲ್ಲಿ ಒಂದು ಕಟ್ಟುನಿಟ್ಟು ಇದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಡುತ್ತಾರಂತೆ: ಒಳ್ಳೆಯ ರಿಂಗಿಗೆ ಕೈ ಹಚ್ಚಬಾರದು. ಬೆರಳಿನ ಬೆವರು ತಾಗಿದರೆ ನಾಲ್ಕು ದಿನಕ್ಕೆ ಅಲ್ಲಿ ತುಕ್ಕಿನ ಗುರುತು ಏಳುತ್ತದೆ. ಆದ್ದರಿಂದ ಕಣ್ಣಿಂದ ನೋಡುತ್ತ ಹೋಗಬೇಕು, ಕೆಟ್ಟದ್ದರ ಮೇಲೆ ಮಾತ್ರ ಬೆರಳಿಡಬೇಕು, ಎತ್ತಿ ಕೆಂಪು ಬುಟ್ಟಿಗೆ ಹಾಕಬೇಕು. ಉಳಿದದ್ದು ತಾನಾಗಿಯೇ ಮುಂದೆ ಹೋಗುತ್ತದೆ. ಅನುಮಾನ ಬಂದ ರಿಂಗನ್ನು ಪಕ್ಕದ ಯಂತ್ರದ ಮೇಲೆ ಇಟ್ಟು ನೋಡುತ್ತಾರೆ. ಕೆಂಪು ದೀಪ ಹತ್ತಿದರೆ ರಿಜೆಕ್ಟ್. ಅಲ್ಲಿ ಯಾರು ಹೆಚ್ಚು ಕೆಂಪು ದೀಪ ಹತ್ತಿಸುತ್ತಾರೋ ಅವರೇ ಹುಷಾರು.

ಮಾಮಾ ಈ ಕಟ್ಟುನಿಟ್ಟನ್ನು ಮನೆಗೂ ತಂದಿದ್ದರು. ಕಾಯಿಪಲ್ಲೆ ಗಾಡಿಯ ಮುಂದೆ ನಿಂತರೆ ಕೊಳೆತದ್ದನ್ನು ಮಾತ್ರ ಬೆರಳಿಂದ ಮುಟ್ಟಿ ಪಕ್ಕಕ್ಕೆ ಸರಿಸುವರು, ಉಳಿದದ್ದನ್ನು ಗಾಡಿಯವನೇ ಚೀಲಕ್ಕೆ ಹಾಕಬೇಕು. ಊಟಕ್ಕೆ ಕೂತಾಗ ಬೇಳೆಗೆ ಉಪ್ಪು ಹೆಚ್ಚಾಗಿದ್ದರೆ ಆ ಬಟ್ಟಲಿನ ಅಂಚಿಗೆ ಒಂದು ಬೆರಳಿಡುವರು. ಅಡುಗೆ ಸರಿಯಿದ್ದರೆ ತಾಟು ಬರಿದು ಮಾಡಿ ಎದ್ದು ಹೋಗುವರು. ಅಕ್ಕ ಪಾರ್ವತಿಬಾಯಿಗೆ ಮದುವೆಯಾದಾಗಿನಿಂದ ಇದೇ ತಕರಾರು.

“ತಮ್ಮಾ, ಮೂವತ್ತು ವರ್ಷ ಆತು, ಚಲೋ ಆಗ್ಯದ ಅಂತ ಒಂದ್ ಮಾತು ಇವರ ಬಾಯಿಂದ ಕೇಳಿಲ್ಲ ನೋಡು,” ಎಂದು ನನ್ನೆದುರು ದೂರುತ್ತಿದ್ದಳು. “ಬಟ್ಟಲಿಗಿ ಬಟ್ಟ ಇಡಲಿಲ್ಲ ಅಂದ್ರ ಚಲೋ ಆಗ್ಯದ ಅಂತ ನಾನೇ ತಿಳ್ಕೋಬೇಕು.”

ಮಾಮಾ ಆಗಲೂ ನಗುತ್ತಿದ್ದರು.

ಕಳೆದ ವರ್ಷ ಜೂನಿನ ಒಂದು ಬೆಳಿಗ್ಗೆ, ಮೊದಲ ಪಾಳಿಗೆ ಹೊರಡುವಾಗ, ಮಾಮಾ ಬೂಟಿನ ಲೇಸು ಕಟ್ಟಲಾಗದೆ ಹಾಗೇ ಕೂತುಬಿಟ್ಟರು. ಬಲಗೈ ಮಾತು ಕೇಳಲಿಲ್ಲ. ಏನಾಯಿತೆಂದು ಅಕ್ಕ ಕೇಳಿದರೆ ಬಾಯಿಂದ ಉತ್ತರ ಬರಲಿಲ್ಲ. ಮೆದುಳಿನ ಎಡಭಾಗದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿತ್ತು. ಎರಡು ತಿಂಗಳಲ್ಲಿ ಕಾಲು ಪೂರ್ತಿ ಬಂತು, ಬಲಗೈ ಅರ್ಧ ಬಂತು. ಮಾತು ಮಾತ್ರ ಬರಲಿಲ್ಲ. ಡಾಕ್ಟರು ಇದಕ್ಕೆ ಅಫೇಸಿಯಾ ಎಂದರು. ನಾಲಿಗೆಗೆ ಏನೂ ಆಗಿಲ್ಲ, ಮೆದುಳಿನಲ್ಲಿ ಪದಗಳು ಇರುವ ಜಾಗಕ್ಕೆ ಪೆಟ್ಟು ಬಿದ್ದಿದೆ ಎಂದರು. ಬೇರೆಯವರು ಆಡಿದ್ದು ಇವರಿಗೆ ತಿಳಿಯುತ್ತದೆಯೇ ಎಂದು ಕೇಳಿದೆ. ಅದು ಒಬ್ಬೊಬ್ಬರಲ್ಲಿ ಒಂದೊಂದು ಥರ, ನೋಡಬೇಕು ಎಂದರು.

ನೋಡುವುದು ಹೇಗೆ? ಮಾಮಾನ ಹತ್ತಿರ ಉಳಿದದ್ದು ಒಂದೇ ಪದ, ‘ಆತು’. ಚಹಾ ಕುಡೀತೀರಾ ಎಂದರೆ ಆತು. ಬ್ಯಾಡೇನು ಎಂದರೂ ಆತು. ಸೊಲ್ಲಾಪುರದಿಂದ ಮಗಳು ವೈಷ್ಣವಿ ಫೋನಿನಲ್ಲಿ ಅತ್ತಳು, ಅದಕ್ಕೂ ಆತು. ಮೊದಮೊದಲು ಎಲ್ಲರೂ ಅವರ ಕಡೆ ತಿರುಗಿ ಮಾತಾಡುತ್ತಿದ್ದರು. ದಿನ ಕಳೆದಂತೆ ಅವರನ್ನು ಬಿಟ್ಟು ಅಕ್ಕನ ಕಡೆ ತಿರುಗಿದರು. ಅವರೆದುರೇ ಅವರ ಬಗ್ಗೆ, ಅವರು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಮಾತಾಡತೊಡಗಿದರು. ಅವರಲ್ಲಿ ಮೊದಲಿಗ ನಾನು. ಅಕ್ಕ ಒಬ್ಬಳೇ ಅವರೊಡನೆ ಮೊದಲಿನ ಹಾಗೆಯೇ ಮಾತಾಡುತ್ತಿದ್ದಳು, ಜಗಳವನ್ನೂ ಆಡುತ್ತಿದ್ದಳು.

ಕಾರ್ಖಾನೆಯವರು ಐದು ತಿಂಗಳು ಕಾದರು. ಮಾಮಾನ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಅವರ ಕೈಕೆಳಗೆ ಕೆಲಸ ಕಲಿತ ಬಸವಕಲ್ಯಾಣದ ಸಂಗಮನಾಥ ಈಗ ಅದೇ ಕೋಣೆಯ ಮುಖ್ಯಸ್ಥ. ಅವನು ನವೆಂಬರಿನಲ್ಲಿ ನನಗೆ ಫೋನ್ ಮಾಡಿದ.

“ಸಾಹೇಬ್ರ, ನಮ್ಮ ಕಂಪನಿ ಡಾಕ್ಟರ್ ಒಂದೇ ಮಾತು ಕೇಳ್ಯಾರ. ಬೆಂಚಿನ ಮ್ಯಾಲ ಮಾತು ಬೇಕಾಗಂಗಿಲ್ಲ. ಖರೆ ಎರಡು ಸಾಮಾನು ನೋಡಿ ಇದು ಬ್ಯಾರೆ, ಅದು ಬ್ಯಾರೆ ಅಂತ ಗುರ್ತು ಹಿಡೀತಾರೇನು, ಹೊಸಾದು ತೋರಿಸಿದ್ರ ಕಲೀತಾರೇನು, ಇಷ್ಟು ಬರೆಸಿ ತರ್ರಿ ಅಂದಾರ. ಹೊಸಾ ನಮೂನಿ ರಿಂಗು ಬರಲಿಕ್ಕತ್ಯಾವ. ತಿಂಗಳ ಕಡೀ ಶನಿವಾರದೊಳಗ ಬರಬೇಕು.”

“ಬರಲಿಲ್ಲಂದ್ರ?”

“ಬರಲಿಲ್ಲಂದ್ರ ಮನಿಗಿ ಕಳಿಸ್ತಾರ್ರಿ. ಗುರುಗಳು ಮನ್ಯಾಗ ಕುಂತ್ರ ಉಳಿಯಂಗಿಲ್ರಿ.”

ಅವನ ಮಾತು ಸುಳ್ಳಾಗಿರಲಿಲ್ಲ. ಐದು ತಿಂಗಳಲ್ಲಿ ಮಾಮಾ ಹನ್ನೊಂದು ಕಿಲೋ ಇಳಿದಿದ್ದರು. ದಿನಾ ಬೆಳಿಗ್ಗೆ ಐದಕ್ಕೆ ಎದ್ದು, ನೀಲಿ ಸಮವಸ್ತ್ರ ಹಾಕಿಕೊಂಡು, ಬೂಟು ಎದುರಿಗಿಟ್ಟುಕೊಂಡು ಬಾಗಿಲ ಹತ್ತಿರ ಕೂರುತ್ತಿದ್ದರು. ಕಂಪನಿ ಬಸ್ಸು ಹಾರ್ನ್ ಹಾಕಿ ಹೋದ ಮೇಲೆ ಎದ್ದು ಬಟ್ಟೆ ಬದಲಿಸುತ್ತಿದ್ದರು. ಅಕ್ಕ ಇದನ್ನು ನನಗೆ ಫೋನಿನಲ್ಲಿ ಹೇಳಿದಳು. ನಾನು ಇಬ್ಬರನ್ನೂ ನಾಶಿಕಕ್ಕೆ ಕರೆಸಿಕೊಂಡೆ.

ಕರೆಸಲು ಒಂದು ಕಾರಣವಿತ್ತು. ಗಂಗಾಪುರ ರೋಡಿನ ಒಂದು ಗಲ್ಲಿಯಲ್ಲಿ ಮಾತು ಕಲಿಸುವ ಸಣ್ಣ ಚಿಕಿತ್ಸಾಲಯವಿದೆ, ಅಲ್ಲಿಯ ಥೆರಪಿಸ್ಟ್ ಕನ್ನಡದ ಹುಡುಗಿ. ಹೆಸರು ಪ್ರಾಚಿ. ಅಪ್ಪ ಮಧುಕರ ಧಾರವಾಡದವರು, ಓಝರಿನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ಮಗಳು ಹುಟ್ಟಿ ಬೆಳೆದದ್ದೆಲ್ಲ ಅಲ್ಲಿಯ ಕಾಲೊನಿಯಲ್ಲಿ. ಕನ್ನಡ ಪೂರ್ತಿ ತಿಳಿಯುತ್ತದೆ, ಆಡಲು ಹೋದರೆ ಮರಾಠಿಯೇ ಮುಂದೆ ಬರುತ್ತದೆ. ನನ್ನ ಮಕ್ಕಳದೂ ಅದೇ ಗತಿ.

“ಕಾಕೂ, ನೀವು ಕನ್ನಡದಲ್ಲೇ ಬೋಲಾ,” ಎಂದು ಮೊದಲ ದಿನವೇ ಅಕ್ಕನಿಗೆ ಹೇಳಿದಳು. “ನನಗೆ ಸಗಳಂ ಸಮಜ್ತದೆ. ಉತ್ತರ ಕೊಡುವಾಗ ಥೋಡಾ ಅಡ್ಜಸ್ಟ್ ಮಾಡ್ಕೊಳ್ಳಿ.”

ಪ್ರಾಚಿ ಪರೀಕ್ಷೆಯ ಬಗೆಯನ್ನು ವಿವರಿಸಿದಳು. ಟ್ಯಾಬ್ ಪರದೆಯ ಮೇಲೆ ಎರಡು ಚಿತ್ರ ಬರುತ್ತವೆ. ಹೂವು, ಆಕಳು ಅಂಥವಲ್ಲ. ಗೆರೆ ಮತ್ತು ಮೂಲೆ ಸೇರಿಸಿ ಮಾಡಿದ, ಹೆಸರೇ ಇಲ್ಲದ ಆಕಾರಗಳು. ಹೆಸರಿದ್ದರೆ ಪದ ಬೇಕಾಗುತ್ತದೆ, ಪದ ಹೋದವರಿಗೆ ಅದು ಅನ್ಯಾಯ. ಎರಡರಲ್ಲಿ ಒಂದು ಸರಿ ಎಂದು ಮೊದಲೇ ಗೊತ್ತು ಮಾಡಿರುತ್ತಾರೆ. ಯಾವುದು ಸರಿ ಎಂದು ಯಾರೂ ಹೇಳುವುದಿಲ್ಲ. ಒಂದನ್ನು ಮುಟ್ಟಬೇಕು. ಹಸಿರು ದೀಪ ಬಂದರೆ ಸರಿ, ಕೆಂಪು ಬಂದರೆ ತಪ್ಪು. ಹೀಗೆ ಇಪ್ಪತ್ತು ಜೋಡಿ. ಮರುದಿನ ಮತ್ತೆ ಅದೇ ಇಪ್ಪತ್ತು. ಕಲಿಯುವ ಶಕ್ತಿ ಇದ್ದರೆ ದಿನದಿನಕ್ಕೆ ಹಸಿರು ಹೆಚ್ಚಬೇಕು. ಮಾತು ಹೋದ ಎಷ್ಟೋ ಜನ ಇದನ್ನು ಚೆನ್ನಾಗಿಯೇ ಕಲಿಯುತ್ತಾರೆ, ಸ್ವಲ್ಪ ನಿಧಾನ ಅಷ್ಟೇ ಎಂದಳು. ನನಗೆ ಧೈರ್ಯ ಬಂತು.

ಮೊದಲ ದಿನ ಮಾಮಾನ ಹಸಿರು ಹನ್ನೊಂದು. ಎರಡನೇ ದಿನ ಆರು. ಮೂರನೇ ದಿನ ಎರಡು. ನಾಲ್ಕನೇ ದಿನ, ಗುರುವಾರ, ಸೊನ್ನೆ.

ಆ ಗುರುವಾರ ನಾನು ರಜೆ ಹಾಕಿ ಜೊತೆಗೆ ಹೋಗಿದ್ದೆ. ಗಾಜಿನ ಆಚೆ ಕೂತು ನೋಡಿದೆ. ಮಾಮಾ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಎರಡು ಚಿತ್ರಗಳನ್ನೂ ನೋಡುವರು, ಎಡಗೈಯ ತೋರುಬೆರಳನ್ನು ಒಂದರ ಮೇಲೆ ಇಡುವರು, ಕೆಂಪು ದೀಪ ಹತ್ತುವುದು, ತಲೆಯಾಡಿಸಿ ಮುಂದಿನದಕ್ಕೆ ಹೋಗುವರು. ಇಪ್ಪತ್ತು ಸಲ ಕೆಂಪು. ಕೊನೆಗೆ ಪ್ರಾಚಿಯ ಮುಖ ನೋಡಿ “ಆತು” ಎಂದರು. ಅವರಿಗೆ ಸಂತೋಷವಾದಂತೆ ಕಂಡಿತು, ಅದನ್ನು ನೋಡಿ ನನಗೆ ಇನ್ನೂ ಸಂಕಟವಾಯಿತು.

ಪ್ರಾಚಿಯೂ ಸಪ್ಪಗಾಗಿದ್ದಳು. “ಇಷ್ಟು ಕಡಿಮೆ ಯಾರಿಗೂ ಬಂದಿಲ್ಲ, ಕಾಕಾ,” ಎಂದು ನನಗೆ ಹೇಳಿದಳು. “ಲಕ್ಷ್ಯ ಇಲ್ಲವೋ, ಸಿಟ್ಟು ಬಂದಿದೆಯೋ ಕಳತ್ ನಾಹಿ. ಶನಿವಾರದ ಒಳಗೆ ರಿಪೋರ್ಟ್ ಕೊಡಬೇಕಂದ್ರೆ ಇದೇ ಬರೀಬೇಕು. ಕಲಿಕೆ ಕಾಣಲಿಲ್ಲ ಅಂತ.”

ಹಾಳೆಯ ಮೇಲೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದಿತ್ತು. ನಾನು ಕಾಗದ ನಂಬುವವನು, ನಂಬಿದೆ. ನಿಜ ಹೇಳುತ್ತೇನೆ, ದುಃಖದ ಜೊತೆಗೆ ಒಂದು ಥರ ನಿರಾಳವೂ ಆಯಿತು. ಇನ್ನು ಓಡಾಟವಿಲ್ಲ, ಸಂಗಮನಾಥನಿಗೆ ಉತ್ತರ ಹೇಳಿದರೆ ಮುಗಿಯಿತು ಎಂದುಕೊಂಡೆ.

ಆಟೋದಲ್ಲಿ ಮೂವರೂ ಪಂಚವಟಿಯ ನನ್ನ ಮನೆಗೆ ಹೊರಟೆವು. ಮಾಮಾ ನಡುವೆ, ನಾವಿಬ್ಬರು ಆಚೆ ಈಚೆ. ನಾನು ಅವರ ತಲೆಯ ಮೇಲಿಂದಲೇ ಅಕ್ಕನಿಗೆ ಹೇಳಿದೆ.

“ಅಕ್ಕಾ, ಇನ್ನ ಆಸೆ ಬಿಡು. ಮಾಮಾಗ ಏನೂ ತಿಳಿಯಂಗಿಲ್ಲ. ದಿನಾ ಇಳೀಲಿಕ್ಕತ್ತದ, ಹಾಳಿ ಮ್ಯಾಲೇ ಅದ. ಕಾರ್ಖಾನಿ ಮಾತು ಮರ್ತುಬಿಡು. ವಾಳೂಜಿನ ಮನಿ ಖಾಲಿ ಮಾಡಿ ನೀವು ಇಲ್ಲೇ ಬರ್ರಿ, ಹಿಂದಿನ ಖೋಲಿ ಅದ, ಒಂದು ಕಡಿ ಕುಂದರ್ಸಿದ್ರ ಕುಂತಿರ್ತಾರ.”

“ಅವರು ಕೇಳಲಿಕ್ಕತ್ಯಾರ, ಅಂಬು,” ಎಂದಳು ಅಕ್ಕ.

“ಕೇಳ್ತಾರ, ತಿಳೀಬೇಕಲ್ಲ.”

ಮಾಮಾನ ಎಡಗೈ ಆಟೋದ ಕಂಬಿಯನ್ನು ಹಿಡಿದಿತ್ತು. ಬೆರಳ ಗೆಣ್ಣುಗಳು ಬೆಳ್ಳಗಾದದ್ದನ್ನು ನೋಡಿದೆ. ರಸ್ತೆಯಲ್ಲಿ ತಗ್ಗು ಹೆಚ್ಚು, ಅದಕ್ಕೇ ಗಟ್ಟಿ ಹಿಡಿದಿದ್ದಾರೆ ಎಂದುಕೊಂಡೆ.

ಗೋದಾವರಿ ದಂಡೆಯ ಸಂತೆ ಹತ್ತಿರ ಬಂದಾಗ ಅಕ್ಕ ಆಟೋ ನಿಲ್ಲಿಸಿದಳು. ಮನೆಯಲ್ಲಿ ಕಾಯಿಪಲ್ಲೆ ಇರಲಿಲ್ಲ, ಬದನೆಕಾಯಿ ತಗೊಳ್ಳೋಣ ಎಂದಳು. ಅವಳ ಮುಖ ನೋಡಿದರೆ ಅಳು ನುಂಗಲು ಒಂದು ನೆಪ ಹುಡುಕುತ್ತಿದ್ದಂತೆ ಕಂಡಿತು. ತಗಡಿನ ಬುಟ್ಟಿಗಳನ್ನಿಟ್ಟುಕೊಂಡು ಒಬ್ಬ ಮುದುಕಿ ಕೂತಿದ್ದಳು. ಅಕ್ಕ ಬಗ್ಗಿ ಚೌಕಾಶಿ ಮಾಡುತ್ತಿದ್ದಾಗ ಮಾಮಾ ಮುಂದೆ ಬಂದು ಬುಟ್ಟಿಯ ಮೇಲೆ ಬಾಗಿದರು. ಒಂದು ಬದನೆಕಾಯಿ ಮುಟ್ಟಿ ಪಕ್ಕಕ್ಕೆ ಸರಿಸಿದರು. ಇನ್ನೊಂದು ಮುಟ್ಟಿದರು. ಮತ್ತೊಂದು.

“ಬಾಬಾ, ಹಾತ ನಕಾ ಲಾವೂ,” ಕೈ ಹಚ್ಚಬೇಡ ಎಂದು ಮುದುಕಿ ಗದರಿದಳು.

ನಾನು ಅವರ ತೋಳು ಹಿಡಿದು ಹಿಂದಕ್ಕೆ ಎಳೆದೆ. ಆದರೆ ಮಾಮಾ ಸರಿಸಿದ ಕಾಯಿಗಳನ್ನು ಅಕ್ಕ ಎತ್ತಿ ತಿರುಗಿಸಿ ನೋಡಿದಳು. ಒಟ್ಟು ಐದು. ಐದರಲ್ಲೂ ತೊಟ್ಟಿನ ಕೆಳಗೆ ಸೂಜಿಮೊನೆಯಷ್ಟು ತೂತು. ಹುಳು ಹೊಕ್ಕಿದ್ದವು. ಬುಟ್ಟಿಯಲ್ಲಿ ಉಳಿದದ್ದನ್ನು ಒಂದೊಂದಾಗಿ ನೋಡಿದಳು, ಒಂದರಲ್ಲೂ ತೂತಿರಲಿಲ್ಲ. ಅವಳು ಎದ್ದು ನಿಂತು ಗಂಡನ ಮುಖವನ್ನೇ ನೋಡಿದಳು.

“ಅಂಬು, ಆ ಹುಡುಗಿ ಏನಂದ್ಳು? ಇಪ್ಪತ್ತಕ್ಕ ಎಷ್ಟು?”

“ಸೊನ್ನೆ.”

“ಅಂದ್ರ ಇಪ್ಪತ್ತೂ ತಪ್ಪು. ಒಂದಾದ್ರೂ ಸರಿ ಇಲ್ಲ.”

“ಅದ ನಾನೂ ಹೇಳಿದ್ದು.”

“ನಾ ಕಣ್ಣು ಮುಚ್ಚಿ ಮುಟ್ಟಿದ್ರೂ ಅರ್ಧ ಸರಿ ಆಗಬೇಕಲ್ಲೋ. ಇರೋದು ಎರಡೇ ಚಿತ್ರ. ಇಪ್ಪತ್ತೂ ತಪ್ಪು ಹುಡುಕಿ ಮುಟ್ಟಬೇಕಂದ್ರ ಯಾವುದು ತಪ್ಪು ಅಂತ ಗೊತ್ತಿರಬೇಕಲ್ಲ?”

ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ಎಂ.ಕಾಂ. ಓದಿದವನು ನಾನು, ಅಕ್ಕ ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು.

“ಇವರು ಎಂದಾದ್ರೂ ಚಲೋದಕ್ಕ ಕೈ ಹಚ್ಯಾರೇನು?” ಎಂದಳು. “ಕೆಂಪು ದೀಪ ಹತ್ತಿದ್ರ ಇವರಿಗಿ ಖುಷಿ. ಮೂವತ್ತಮೂರು ವರ್ಷ ಅದಕ್ಕೇ ಪಗಾರ ತಗೊಂಡಾರ. ನಡೀರಿ, ವಾಪಸ್ ಹೋಗೂಣು.”

ಬದನೆಕಾಯಿ ಅಲ್ಲೇ ಉಳಿಯಿತು. ಅದೇ ಆಟೋ ತಿರುಗಿಸಿಕೊಂಡು ಹೋದರೆ ಚಿಕಿತ್ಸಾಲಯಕ್ಕೆ ಊಟದ ಹೊತ್ತೆಂದು ಬೀಗ ಹಾಕಿತ್ತು. ಅಕ್ಕ ಮೆಟ್ಟಿಲ ಮೇಲೆ ಕೂತಳು, ಪಕ್ಕದಲ್ಲಿ ಮಾಮಾನನ್ನು ಕೂರಿಸಿಕೊಂಡಳು. ಬಿಸಿಲಿನಲ್ಲಿ ಬೇಡ, ಎದುರಿನ ಹೋಟೆಲಿನಲ್ಲಿ ಕೂರೋಣ ಎಂದೆ. ಅವಳು ಕೂತಲ್ಲಿಂದ ಏಳಲಿಲ್ಲ. ಪ್ರಾಚಿ ಟಿಫಿನ್ ಡಬ್ಬಿ ಹಿಡಿದು ಬಂದಾಗ ಬೀಗ ತೆಗೆಯುವ ಮೊದಲೇ ಅಕ್ಕ ಎಲ್ಲವನ್ನೂ ಹೇಳಿದಳು: ರಿಂಗು, ಬೆವರು, ಕೆಂಪು ಬುಟ್ಟಿ, ಬೇಳೆಯ ಬಟ್ಟಲು, ಈಗಿನ ಬದನೆಕಾಯಿ.

ಪ್ರಾಚಿ ಬೀಗ ತೆಗೆದು ಒಳಗೆ ಹೋಗಿ ಹಾಳೆ ತೆಗೆದಳು. ಹನ್ನೊಂದು, ಆರು, ಎರಡು, ಸೊನ್ನೆ. ಪೆನ್ಸಿಲಿನಿಂದ ಪಕ್ಕದಲ್ಲಿ ಇನ್ನೊಂದು ಸಾಲು ಬರೆದಳು. ಒಂಬತ್ತು, ಹದಿನಾಲ್ಕು, ಹದಿನೆಂಟು, ಇಪ್ಪತ್ತು. ಅದು ಕೆಂಪು ದೀಪಗಳ ಲೆಕ್ಕ.

“ಮಾಝೀ ಚೂಕ್, ನನ್ನದೇ ತಪ್ಪು,” ಎಂದಳು. “ಸೊನ್ನೆ ನೋಡಿದಾಗಲೇ ಗೊತ್ತಾಗಬೇಕಿತ್ತು. ಕಾಕೂ, ಇವರು ಚಲೋ ಕಲಿತಿದ್ದಾರೆ. ನಾನೇ ಉಲ್ಟಾ ನೋಡಿದೆ.”

“ನಿಂದೇನು ತಪ್ಪಿಲ್ಲವಾ,” ಎಂದಳು ಅಕ್ಕ. “ನಿನಗ ಕನ್ನಡ ತಿಳೀತದ, ಮಾತಾಡ್ಲಿಕ್ಕ ಬರಂಗಿಲ್ಲ. ಇವರದೂ ಅಷ್ಟೇ ಅದ. ನಿನಗಾದ್ರೂ ಮರಾಠಿ ಅದ, ಇವರಿಗಿ ಆ ಬಟ್ಟೊಂದೇ ಉಳದದ.”

ಆದರೆ ಪ್ರಾಚಿ ಅಷ್ಟಕ್ಕೇ ವರದಿ ಬರೆಯಲು ಒಪ್ಪಲಿಲ್ಲ. ಅವಳ ಈ ಹಠ ನನಗೆ ಆಗ ಸಿಟ್ಟು ತರಿಸಿತು, ಈಗ ಅದಕ್ಕಾಗಿಯೇ ಅವಳ ಮೇಲೆ ಗೌರವ. ಬರೀ ಹಳೆಯ ಅಂಕಿ ತಿರುಗಿಸಿ ಬರೆದರೆ ಕಾರ್ಖಾನೆಯ ಡಾಕ್ಟರು ನಗುತ್ತಾರೆ, ಹೊಸ ಚಿತ್ರಗಳ ಮೇಲೆ ಮತ್ತೆ ನೋಡಬೇಕು ಎಂದಳು. ಉಳಿದದ್ದು ಒಂದೇ ದಿನ. ಮಾಮಾ ನಿಜವಾಗಿ ಕಲಿಯಬಲ್ಲರೋ, ಅಥವಾ ಅಕ್ಕ ಆಸೆಯಿಂದ ಕಟ್ಟಿದ ಕಥೆಯೋ ಎಂಬುದು ಆ ಒಂದು ದಿನದಲ್ಲಿ ಗೊತ್ತಾಗಬೇಕಿತ್ತು. ನನಗೆ ಒಳಗೊಳಗೇ ಭಯ. ಐದು ಬದನೆಕಾಯಿಯ ಮೇಲೆ ಇಷ್ಟೆಲ್ಲ ನಂಬುವುದು ಹೇಗೆ ಎಂದು ರಾತ್ರಿ ಹೆಂಡತಿ ಮಂಗಲಾಳ ಹತ್ತಿರ ಅಂದೆ. ಅವಳು, ನಾಳೆ ನೀವು ಬಾಯಿ ಮುಚ್ಚಿಕೊಂಡು ಕೂತರೆ ಸಾಕು ಎಂದಳು.

ಶುಕ್ರವಾರ ಬೆಳಿಗ್ಗೆ ಪ್ರಾಚಿ ಟ್ಯಾಬ್ ಮುಚ್ಚಿಟ್ಟಳು. ತಾನೇ ಕೂತು ರಟ್ಟಿನ ಚೌಕಗಳ ಮೇಲೆ ಹೊಸ ಆಕಾರಗಳನ್ನು ಬರೆದು ತಂದಿದ್ದಳು, ಇಪ್ಪತ್ತು ಜೋಡಿ. ಎದುರಿಗೆ ಒಂದು ಸ್ಟೀಲ್ ತಾಟು, ಪಕ್ಕದಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಬುಟ್ಟಿ. ಒಂದೊಂದೇ ಜೋಡಿಯನ್ನು ತಾಟಿನಲ್ಲಿ ಇಟ್ಟಳು. ಬಾಯಿಂದ ಏನೂ ಹೇಳದೆ ಬುಟ್ಟಿಯನ್ನು ಮಾತ್ರ ಕೈಯಿಂದ ತೋರಿಸಿದಳು. ಮಾಮಾ ಬುಟ್ಟಿ ನೋಡಿದರು, ಕೂತಲ್ಲೇ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಒಂದು ರಟ್ಟು ಎತ್ತಿ ಬುಟ್ಟಿಗೆ ಹಾಕಿದರು. ತಪ್ಪು ಚಿತ್ರ ಬುಟ್ಟಿಗೆ ಬಿದ್ದರೆ ಪ್ರಾಚಿ ಸುಮ್ಮನಿರುವಳು, ಒಳ್ಳೆಯದು ಬಿದ್ದರೆ ಅದನ್ನು ತೆಗೆದು ತಾಟಿಗೆ ವಾಪಸ್ ಇಡುವಳು.

ಮೊದಲ ಸುತ್ತಿನಲ್ಲಿ ಬುಟ್ಟಿಗೆ ಬಿದ್ದ ತಪ್ಪು ಚಿತ್ರಗಳು ಹತ್ತು. ಅದು ಕಣ್ಣು ಮುಚ್ಚಿ ಮುಟ್ಟಿದರೂ ಬರುವಷ್ಟು. ನಾನು ಅಕ್ಕನ ಕಡೆ ನೋಡಲಿಲ್ಲ. ಹದಿನೈದು ನಿಮಿಷ ಬಿಟ್ಟು ಎರಡನೇ ಸುತ್ತು, ಹದಿಮೂರು. ಊಟವಾದ ಮೇಲೆ ಮೂರನೆಯದು, ಹದಿಮೂರೇ. ಅಕ್ಕ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. ಮಾಮಾನ ಹಣೆಯ ಮೇಲೆ ಬೆವರು ಬಂದಿತ್ತು. ಚಹಾ ತಂದುಕೊಟ್ಟರೆ ಆಮೇಲೆ ಎನ್ನುವಂತೆ ಕೈ ಅಡ್ಡ ಹಿಡಿದರು. ಆ ಕೈಯನ್ನು ನಾನು ಐದು ತಿಂಗಳಲ್ಲಿ ಮೊದಲ ಸಲ ನೋಡಿದ್ದೆನೋ, ಅಥವಾ ಇಷ್ಟು ದಿನ ನೋಡಿಯೇ ಇರಲಿಲ್ಲವೋ ಗೊತ್ತಿಲ್ಲ.

ನಾಲ್ಕನೇ ಸುತ್ತಿನಲ್ಲಿ ಹದಿನೆಂಟು. ಸಂಜೆ ಐದೂವರೆಗೆ ಐದನೆಯ ಸುತ್ತು ಮುಗಿದಾಗ ಬುಟ್ಟಿಯಲ್ಲಿ ಇಪ್ಪತ್ತು ರಟ್ಟು, ಇಪ್ಪತ್ತೂ ತಪ್ಪು ಚಿತ್ರಗಳು. ಪ್ರಾಚಿ ಉಳಿದ ಇಪ್ಪತ್ತನ್ನೂ ತಾಟಿನಲ್ಲಿ ಸಾಲಾಗಿ ಜೋಡಿಸಿದಳು. ಮಾಮಾ ತಾಟನ್ನು ಅಂಚಿನಿಂದ ಹಿಡಿದು, ಒಂದಕ್ಕೂ ಬೆರಳು ತಾಗದಂತೆ, ಅವಳ ಕಡೆ ಸರಿಸಿದರು.

“ಆತು,” ಎಂದರು.

ಅಕ್ಕ ಅತ್ತಳು. ನನಗೂ ಕಣ್ಣು ತುಂಬಿತು, ಆದರೆ ನನ್ನದು ಅವಳ ಅಳುವಿನಂಥದಲ್ಲ. ಆಟೋದಲ್ಲಿ ನಾನಾಡಿದ ಮಾತು ಒಂದೊಂದೂ ನೆನಪಿಗೆ ಬರುತ್ತಿತ್ತು. ಹಿಂದಿನ ಖೋಲಿ, ಒಂದು ಕಡೆ ಕೂರಿಸಿದರೆ ಕೂತಿರುತ್ತಾರೆ ಎಂದದ್ದು.

ಆಡಿದ ಮಾತು ಎಷ್ಟು ತಿಳಿಯುತ್ತದೆ ಎಂಬುದು ಈ ಪರೀಕ್ಷೆಯಿಂದ ಗೊತ್ತಾಗುವುದಿಲ್ಲ ಎಂದು ಪ್ರಾಚಿ ವರದಿಯಲ್ಲಿ ಪ್ರಾಮಾಣಿಕವಾಗಿಯೇ ಬರೆದಳು. ನೋಡಿ ಗುರುತಿಸುವ ಮತ್ತು ಹೊಸದನ್ನು ಕಲಿಯುವ ಶಕ್ತಿ ಗಟ್ಟಿಯಾಗಿದೆ, ಇವರಿಗೆ ಕೆಲಸ ತೋರಿಸುವವರು ಇವರ ಕೋಣೆಯ ಪದ್ಧತಿಯಲ್ಲೇ ತೋರಿಸಬೇಕು ಎಂದೂ ಬರೆದಳು. ಶನಿವಾರ ನಾನೇ ಹೋಗಿ ವರದಿ ಕೊಟ್ಟೆ. ಕಾರ್ಖಾನೆಯವರು ಮೂರು ತಿಂಗಳು ನೋಡೋಣ ಎಂದು, ಸೋಮವಾರದಿಂದ ಬರಲು ಹೇಳಿದರು.

ಭಾನುವಾರವೇ ಮೂವರೂ ವಾಳೂಜಿನ ಮನೆಗೆ ಬಂದಿದ್ದೆವು. ಆ ಸೋಮವಾರ ಮೊದಲ ಪಾಳಿಗೆ ಮಾಮಾನನ್ನು ಬಿಡಲು ನಾನೂ ಅಕ್ಕನೂ ಹೋದೆವು. ಕಂಪನಿ ಬಸ್ಸಿನಲ್ಲೇ ಹೋಗುತ್ತೇನೆ ಎನ್ನುವಂತೆ ಮಾಮಾ ಬಾಗಿಲಲ್ಲಿ ಕೂತಿದ್ದರು, ನಾನು ಕೇಳದೆ ನನ್ನ ಕಾರಿನಲ್ಲಿ ಹತ್ತಿಸಿಕೊಂಡೆ. ಗೇಟಿನಲ್ಲಿ ಹೊಸ ಕಾವಲುಗಾರ, ಮಾಮಾನ ಗುರುತಿಲ್ಲದವನು. ಹೆಸರು ಕೇಳಿದ. ಮಾಮಾ ಕೊರಳಿನ ಗುರುತಿನ ಚೀಟಿ ಎತ್ತಿ ಹಿಡಿಯುವಷ್ಟರಲ್ಲಿ ನಾನು ಮುಂದೆ ಹೋಗಿ ಹಿಂದಿಯಲ್ಲಿ ಶುರು ಮಾಡಿದೆ: ಇವರಿಗೆ ಮಾತು ಬರುವುದಿಲ್ಲ, ನೀವು ಹೇಳಿದ್ದೂ ಅಷ್ಟಾಗಿ ತಿಳಿಯುವುದಿಲ್ಲ, ಸ್ವಲ್ಪ ಸಂಭಾಳಿಸಿಕೊಳ್ಳಿ, ಯಾರಾದರೂ ಕೈಹಿಡಿದು ಒಳಗೆ ಕರೆದುಕೊಂಡು ಹೋದರೆ ಒಳ್ಳೆಯದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ. ಇಪ್ಪತ್ತಕ್ಕೆ ಇಪ್ಪತ್ತು ನನ್ನ ಕಣ್ಣೆದುರೇ ಆಗಿತ್ತು, ಆದರೂ ನಾಲಿಗೆಗೆ ಹಳೆಯ ರೂಢಿ.

ಮಾಮಾ ನನ್ನ ಕಡೆ ತಿರುಗಿದರು. ಎರಡು ಚಿತ್ರಗಳನ್ನು ನೋಡುತ್ತಿದ್ದ ಅದೇ ಗಮನದಿಂದ ನನ್ನ ಮುಖ ನೋಡಿದರು. ಆಮೇಲೆ ಎಡಗೈಯ ತೋರುಬೆರಳನ್ನು ಎತ್ತಿ ನನ್ನ ಎದೆಯ ಮೇಲೆ ಇಟ್ಟರು, ಅಂಗಿಯ ಎರಡನೇ ಗುಂಡಿಯ ಪಕ್ಕದಲ್ಲಿ. ಸಿಟ್ಟಿನಿಂದಲ್ಲ, ಸಾವಕಾಶವಾಗಿ.

ಒಳಗಿಂದ ಗುರುಗಳನ್ನು ಕರೆಯಲು ಬಂದಿದ್ದ ಸಂಗಮನಾಥ ಅದನ್ನು ನೋಡಿ ನಗು ತಡೆಯಲಾಗದೆ ಮುಖ ಆಚೆ ತಿರುಗಿಸಿದ. “ಸಾಹೇಬ್ರ, ನಿಮ್ಮನ್ನ ಬುಟ್ಟಿಗಿ ಹಾಕ್ಯಾರ್ರಿ,” ಎಂದ.

ನಾನು ನಗಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆಟೋದಲ್ಲಿ ಬೆಳ್ಳಗಾಗಿದ್ದ ಆ ಬೆರಳ ಗೆಣ್ಣುಗಳು ನೆನಪಾದವು. “ತಪ್ಪಾತ್ರಿ ಮಾಮಾ,” ಎಂದೆ. ಅವರನ್ನೇ ನೋಡಿ, ಅವರಿಗೇ ಹೇಳಿದೆ.

“ಆತು,” ಎಂದರು ಮಾಮಾ.

ಅಕ್ಕ ಊಟದ ಡಬ್ಬಿಯ ಚೀಲ ಹಿಡಿದು ನಿಂತಿದ್ದಳು. ಅವರು ಚೀಲದ ಹಿಡಿಕೆ ಹಿಡಿದು ಅದನ್ನು ತೆಗೆದುಕೊಂಡರು. ತಲೆಯಿಂದ ಕಾಲಿನವರೆಗೆ ಅವಳನ್ನೊಮ್ಮೆ ನೋಡಿದರು, ಮುಟ್ಟಲಿಲ್ಲ. ಬೆರಳು ಮಡಚಿಕೊಂಡು ಒಳಗೆ ಹೋದರು. ಅವರು ಕಾಣದಾಗುವವರೆಗೂ ಅಕ್ಕ ಗೇಟಿನಲ್ಲೇ ನಿಂತಳು. ತಿರುಗಿ ಬರುವಾಗ ಅವಳು ನಗುತ್ತಿದ್ದಳು.